ಮಗಳ ಬಿ.ಎಸ್ಸಿ.: ಸರ್ಕಾರಿಯೋ, ಖಾಸಗಿಯೋ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಉಪನ್ಯಾಸ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಸಂಘಗಳಲ್ಲಿ ಸಾಲದ ಅರ್ಜಿಗಳು ಹೆಚ್ಚಾಗುತ್ತವೆ. ಮೊದಲೆಲ್ಲ ಬೀಜ-ಗೊಬ್ಬರಕ್ಕೆ, ಎಮ್ಮೆಗೆ, ಮದುವೆಗೆ ಸಾಲ ಕೇಳುತ್ತಿದ್ದಿರಿ. ಈಗ "ಮಗಳು ಸೈನ್ಸ್ ಓದ್ಯಾಳ, ಬಿ.ಎಸ್ಸಿ.ಗೆ ಹಚ್ಚಬೇಕು" ಅಂತ ಕೇಳುತ್ತೀರಿ. ಇದು ನಮಗೆಲ್ಲ ಸಂತೋಷದ ಮಾತು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: "ಸರ್ಕಾರಿ ಕಾಲೇಜಿಗೆ ಹಚ್ಚೂನೋ, ಪ್ರೈವೇಟ್ ಯೂನಿವರ್ಸಿಟಿಗೋ? ಪ್ರೈವೇಟ್ ಅಂದ್ರ ಛಲೋ ಇರ್ತದಲ್ರಿ?" ಈ ಪ್ರಶ್ನೆಯನ್ನೇ ಇವತ್ತು ಕೂಡಿ ವಿಚಾರ ಮಾಡೋಣ.

ಮೊದಲು ನಮ್ಮ ಸುತ್ತಮುತ್ತ ಏನಿದೆ ಅಂತ ತಿಳಿದುಕೊಳ್ಳೋಣ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಆದದ್ದು. ಅದು ರಾಜ್ಯ ಸರ್ಕಾರದ್ದು. ಆದರೆ ಅದರ ಜ್ಞಾನಗಂಗಾ ಆವರಣದಲ್ಲಿ ನಡೆಯುವುದು ಮುಖ್ಯವಾಗಿ ಎಂ.ಎಸ್ಸಿ.ಯಂತಹ ಮುಂದಿನ ಓದು. ಬಿ.ಎಸ್ಸಿ. ಓದುವುದು ಅದಕ್ಕೆ ಸೇರಿದ ಕಾಲೇಜುಗಳಲ್ಲಿ. ಇವುಗಳಲ್ಲಿ ಸರ್ಕಾರಿ ಕಾಲೇಜುಗಳೂ ಇವೆ, ಖಾಸಗಿ ಆಡಳಿತ ಮಂಡಳಿಯ ಕಾಲೇಜುಗಳೂ ಇವೆ. ಕಲಬುರಗಿಯ ವೀರಮ್ಮ ಗಂಗಸಿರಿ ಮಹಿಳಾ ಕಾಲೇಜು ಖಾಸಗಿ ಸಂಸ್ಥೆ ನಡೆಸುವ ಕಾಲೇಜೇ. ಹಾಗಿದ್ದರೂ ಅಲ್ಲಿ ಓದಿದವರ ಪದವಿ ಪತ್ರ ಗುಲಬರ್ಗಾ ವಿಶ್ವವಿದ್ಯಾಲಯದ್ದು. ಅಂದರೆ ಖಾಸಗಿ ಕಾಲೇಜು ಬೇರೆ, ಖಾಸಗಿ ವಿಶ್ವವಿದ್ಯಾಲಯ ಬೇರೆ. ಇವೆರಡನ್ನೂ ಒಂದೇ ಅಂದುಕೊಳ್ಳಬ್ಯಾಡ್ರಿ.

ಎರಡನೆಯದು ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ. 2009ರಲ್ಲಿ ಸಂಸತ್ತಿನ ಕಾಯ್ದೆಯಿಂದ ಆಯಿತು. ಅದು ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲೇ. ಬೇರೆ ರಾಜ್ಯದ ಮಕ್ಕಳು ರೈಲು ಹತ್ತಿ ಅಲ್ಲಿಗೆ ಬಂದು ಓದುತ್ತಾರೆ. ನಾವು ಅದರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತೇವೆ, ಒಳಗೆ ಹೋಗಿ ಕೇಳಿದವರು ಕಡಿಮೆ.

ಮೂರನೆಯದು ಖಾಸಗಿ ವಿಶ್ವವಿದ್ಯಾಲಯಗಳು. ಕಲಬುರಗಿಯಲ್ಲಿ ಶರಣಬಸವ ವಿಶ್ವವಿದ್ಯಾಲಯ 2017ರಲ್ಲಿ ಆರಂಭವಾಯಿತು, ಅದರ ಬೆನ್ನಿಗೇ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವೂ ಬಂತು. ಇವು ರಾಜ್ಯದ ಕಾಯ್ದೆಯಿಂದಲೇ ಆದವು, ಇವು ಕೊಡುವ ಪದವಿಗೂ ಮಾನ್ಯತೆ ಇದೆ. ಹಾಗಾಗಿ "ಪ್ರೈವೇಟ್ ಡಿಗ್ರಿ ನಡಿಯೂದಿಲ್ಲ" ಅನ್ನುವ ಮಾತು ತಪ್ಪು. "ಪ್ರೈವೇಟ್ ಅಂದ್ರ ನೌಕರಿ ಗ್ಯಾರಂಟಿ" ಅನ್ನುವುದೂ ಅಷ್ಟೇ ತಪ್ಪು.

ಹಾಗಾದರೆ ಆರಿಸುವುದು ಹೇಗೆ? ಹೆಸರು ನೋಡಬ್ಯಾಡ್ರಿ, ಗೇಟು ನೋಡಬ್ಯಾಡ್ರಿ. ಮೂರು ವಿಷಯ ನೋಡ್ರಿ: ಪೂರ್ತಿ ಖರ್ಚು, ಪ್ರಯೋಗಾಲಯ, ಪತ್ರಗಳು.

ಮೊದಲು ಖರ್ಚು. ಒಂದು ಸಂಘದ ತಾಯಿಯೊಬ್ಬರು ಮಗಳನ್ನು ದೂರದ ಊರಿನ ಒಂದು ಖಾಸಗಿ ಸಂಸ್ಥೆಗೆ ಹಚ್ಚಿದರು. ಮೊದಲ ವರ್ಷ ಫೀಸಿನಲ್ಲಿ ರಿಯಾಯಿತಿ ಕೊಟ್ಟಿದ್ದರು. ಎರಡನೇ ವರ್ಷ ರಿಯಾಯಿತಿ ಹೋಯಿತು. ಹಾಸ್ಟೆಲ್ ಫೀಸು, ಪರೀಕ್ಷೆ ಫೀಸು, ಲ್ಯಾಬ್ ಫೀಸು ಬೇರೆ. ಆ ವರ್ಷ ತೊಗರಿ ಕೈಕೊಟ್ಟಿತ್ತು. ತಾಯಿ ಸಂಘದ ಸಾಲ ತೀರಿಸಲು ಹೊರಗೆ ಕೈಸಾಲ ಮಾಡಿದರು. ಹುಡುಗಿ ಮೂರನೇ ಸೆಮಿಸ್ಟರಿಗೆ ಮನೆಗೆ ಬಂದಳು. ಆಮೇಲೆ ಮನೆಯವರೆಲ್ಲ ಮದುವೆಯ ಮಾತು ಶುರು ಮಾಡಿದರು. ಆ ಹುಡುಗಿ ಓದಿನಲ್ಲಿ ಹಿಂದೆ ಬಿದ್ದವಳಲ್ಲ. ಮೂರೂ ವರ್ಷದ ಲೆಕ್ಕವನ್ನು ಮೊದಲೇ ಯಾರೂ ಅವಳ ತಾಯಿಗೆ ಹಾಕಿ ತೋರಿಸಿರಲಿಲ್ಲ, ಅಷ್ಟೇ.

ಹಾಗಾಗಿ ಲೆಕ್ಕ ಹಾಕುವಾಗ ಮೊದಲ ವರ್ಷದ ಫೀಸು ಮಾತ್ರ ಕೇಳಬ್ಯಾಡ್ರಿ. ಎಲ್ಲ ವರ್ಷಗಳ ಫೀಸು, ಹಾಸ್ಟೆಲ್, ಊಟ, ಪುಸ್ತಕ, ಪರೀಕ್ಷೆ, ಓಡಾಟ ಎಲ್ಲ ಕೂಡಿಸಿ ಒಂದು ಹಾಳೆಯ ಮೇಲೆ ಬರೆಸಿಕೊಳ್ಳಿ. ರಿಯಾಯಿತಿ ಇದ್ದರೆ ಅದು ಎಷ್ಟು ವರ್ಷಕ್ಕೆ ಅಂತ ಬರವಣಿಗೆಯಲ್ಲಿ ಕೇಳಿ. ಇನ್ನು ಸಂಘದ ಸಾಲದ ಲೆಕ್ಕ ನೋಡ್ರಿ. 40,000 ರೂಪಾಯಿ ಸಾಲ ತೆಗೆದುಕೊಂಡು, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 800 ರೂಪಾಯಿ. ಅಸಲು ಹಾಗೇ ಉಳಿದರೆ ವರ್ಷಕ್ಕೆ 9,600 ರೂಪಾಯಿ ಬರೀ ಬಡ್ಡಿ. ಸಂಘದ ಸಾಲ ಮುಂದಿನ ತಿಂಗಳಿಂದಲೇ ತೀರಿಸಬೇಕು, ಓದು ಫಲ ಕೊಡುವುದು ಮೂರು-ನಾಲ್ಕು ವರ್ಷದ ಮೇಲೆ. ಅದಕ್ಕೇ ಸಂಘದ ಸಾಲವನ್ನು ಪುಸ್ತಕ, ಅರ್ಜಿ, ಓಡಾಟದಂಥ ಸಣ್ಣ ಖರ್ಚಿಗೆ ಇಟ್ಟುಕೊಳ್ಳಿ. ದೊಡ್ಡ ಫೀಸು ಇದ್ದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ. ಸಾಮಾನ್ಯವಾಗಿ ಅದರ ಕಂತು ಓದು ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತದೆ. 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಹೊಲ-ಮನೆ ಒತ್ತೆ ಇಡಬೇಕಿಲ್ಲ. ಆದರೆ ಅದೂ ಸಾಲವೇ, ಬಡ್ಡಿ ಬೆಳೆಯುತ್ತಲೇ ಇರುತ್ತದೆ ಅನ್ನುವುದು ನೆನಪಿರಲಿ.

ಖರ್ಚು ಕಡಿಮೆ ಮಾಡುವ ದಾರಿಗಳೂ ಇವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆಳಂದದಿಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರ್. ದಿನಾ ಹೋಗಿ ಬರಬಹುದು. ಅಫಜಲಪುರದ ಕಡೆಯವರಿಗೆ ದೂರ ಜಾಸ್ತಿ, ಅಂಥವರು ಸರ್ಕಾರಿ ಹಾಸ್ಟೆಲ್ಲಿಗೆ ಬೇಗ ಅರ್ಜಿ ಹಾಕಬೇಕು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಜಾತಿ-ಆದಾಯ ಪ್ರಮಾಣಪತ್ರ ಮತ್ತು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂದಿದೆ. ಅರ್ಜಿಯ ದಿನಾಂಕವನ್ನು ಕಾಲೇಜಿನಲ್ಲಿ ಕೇಳಿ.

ಎರಡನೆಯದು ಪ್ರಯೋಗಾಲಯ. ವಿಜ್ಞಾನ ಬರೀ ಪುಸ್ತಕದಿಂದ ಬರುವುದಿಲ್ಲ. ರೊಟ್ಟಿ ಬಡಿಯುವುದನ್ನು ಪುಸ್ತಕ ಓದಿ ಕಲಿತವರು ಯಾರಿದ್ದಾರೆ? ಕೈಗೆ ಹಿಟ್ಟು ಹತ್ತಬೇಕು. ಹಾಗೇ ಮಕ್ಕಳ ಕೈಗೆ ಪರೀಕ್ಷಾ ನಳಿಕೆ, ಸೂಕ್ಷ್ಮದರ್ಶಕ ಸಿಗಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ಸೇರಿಸುವ ಮೊದಲು ಮಗಳ ಜೊತೆ ಹೋಗಿ ಲ್ಯಾಬ್ ನೋಡಿ. "ನಮಗೇನು ತಿಳೀತದ ಸಿಸ್ಟರ್?" ಅನ್ನಬ್ಯಾಡ್ರಿ. ಸಾಮಾನಿನ ಮೇಲೆ ಧೂಳು ಕೂತಿದೆಯೋ, ದಿನಾ ಬಳಸುತ್ತಾರೋ ಅನ್ನುವುದು ಅಡುಗೆಮನೆ ನಡೆಸುವ ಯಾವ ಹೆಣ್ಣುಮಗಳಿಗೂ ತಿಳಿಯುತ್ತದೆ. ಅಲ್ಲೇ ಓದುತ್ತಿರುವ ಹುಡುಗಿಯರನ್ನು ಕೇಳಿ: ವಾರಕ್ಕೆ ಎಷ್ಟು ಪ್ರಾಕ್ಟಿಕಲ್ ಆಗುತ್ತವೆ? ಪ್ರತಿ ವಿಷಯಕ್ಕೂ ಮೇಷ್ಟ್ರು ಇದ್ದಾರೋ, ಅತಿಥಿ ಉಪನ್ಯಾಸಕರು ಬರುವವರೆಗೆ ತರಗತಿ ಖಾಲಿಯೋ? ಇಂಗ್ಲಿಷಿನಲ್ಲಿ ತಿಳಿಯದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೋ? ಸರ್ಕಾರಿ ಕಾಲೇಜಿನಲ್ಲಿ ಫೀಸು ಕಡಿಮೆ ಇದ್ದು ಕಲಿಸುವವರು ಇಲ್ಲದಿದ್ದರೆ ಅದು ಅಗ್ಗವಲ್ಲ. ಖಾಸಗಿಯಲ್ಲಿ ಕಟ್ಟಡ ದೊಡ್ಡದಿದ್ದು ಲ್ಯಾಬಿಗೆ ಬೀಗ ಇದ್ದರೆ ಅದೂ ಪ್ರಯೋಜನವಿಲ್ಲ.

ಮೂರನೆಯದು ಪತ್ರಗಳು. ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೋ ನೋಡಿಸಿ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಹೊರಡಿಸುತ್ತದೆ. ಪದವಿ ಎಷ್ಟು ವರ್ಷದ್ದು ಅಂತ ಕೇಳಿ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂದಿತ್ತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಬೇರೆ ಕಡೆ ನಾಲ್ಕು ವರ್ಷ ಇರಬಹುದು. ಒಂದು ವರ್ಷ ಹೆಚ್ಚು ಅಂದರೆ ಒಂದು ವರ್ಷದ ಖರ್ಚೂ ಹೆಚ್ಚು. ಇನ್ನೊಂದು ಮುಖ್ಯ ಮಾತು: ಮೂಲ ಅಂಕಪಟ್ಟಿ, ಟಿ.ಸಿ. ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ವಾಪಸ್ ತೆಗೆದುಕೊಳ್ಳಿ. ಸಂಸ್ಥೆಗಳು ಮೂಲ ಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ 2018ರಲ್ಲೇ ಯುಜಿಸಿ ಹೇಳಿದೆ. ಪ್ರವೇಶ ಬಿಟ್ಟರೆ ಫೀಸು ವಾಪಸ್ ಕೊಡುವುದಕ್ಕೂ ಅದರಲ್ಲಿ ನಿಯಮ ಇದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಕಡಗಂಚಿಯ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಇದೆ. ಪದವಿ ತರಗತಿಗಳಿಗೆ 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಅರ್ಜಿ ಹಾಕುವ ದಿನ ಪಿಯುಸಿ ಫಲಿತಾಂಶಕ್ಕಿಂತ ಮೊದಲೇ ಮುಗಿದಿರುತ್ತದೆ. ರಿಸಲ್ಟ್ ಬಂದ ಮೇಲೆ ಓಡಿದರೆ ಬಾಗಿಲು ಮುಚ್ಚಿರುತ್ತದೆ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದರೆ ಜನವರಿಯಿಂದಲೇ ಕಣ್ಣಿಡಿ.

ಇನ್ನು ನೌಕರಿ ಮಾತು. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಇದೆ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಈ ಭಾಗದ ಸಿ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ಶೇ. 80ರಷ್ಟು ಸ್ಥಳೀಯರಿಗೆ ಮೀಸಲು. ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಪದವಿ ಸರ್ಕಾರಿ ಸಂಸ್ಥೆಯದೋ ಖಾಸಗಿಯದೋ ಅಂತ ಇದಕ್ಕೆ ಭೇದವಿಲ್ಲ, ಪದವಿಗೆ ಮಾನ್ಯತೆ ಇರಬೇಕು. ಮಗಳು ಶಿಕ್ಷಕಿಯಾಗಬೇಕು ಅಂದರೆ ಬಿ.ಇಡಿ.ಗೂ ರೊಕ್ಕ ಬೇಕು, ಎಂ.ಎಸ್ಸಿ. ಮಾಡುತ್ತೇನೆ ಅಂದರೆ ಅದಕ್ಕೂ ಬೇಕು. ಬಿ.ಎಸ್ಸಿ.ಯಲ್ಲೇ ಕೈ ಖಾಲಿ ಮಾಡಿಕೊಂಡರೆ ಮುಂದಿನ ಮೆಟ್ಟಿಲು ಹತ್ತುವುದು ಹೇಗೆ?

ಹಾಗಾದರೆ ನಾವು ಹೇಳುವುದೇನು? ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಮೇಷ್ಟ್ರು, ಲ್ಯಾಬ್ ಸರಿ ಇದ್ದರೆ ಅದನ್ನೇ ಮೊದಲು ಆರಿಸಿ. ಮಗಳಿಗೆ ಬೇಕಾದ ವಿಷಯ ಅಲ್ಲಿ ಇಲ್ಲ, ಖಾಸಗಿಯಲ್ಲಿ ಇದೆ, ಪೂರ್ತಿ ಖರ್ಚಿಗೂ ದಾರಿ ಇದೆ ಅಂದರೆ ಧೈರ್ಯವಾಗಿ ಖಾಸಗಿಗೆ ಹಚ್ಚಿ. ಖಾಸಗಿ ಫೀಸು ಕಟ್ಟಲು ಆಗದು ಅಂತ ಮಾತ್ರ ಓದೇ ಬಿಡಿಸಬ್ಯಾಡ್ರಿ. ಮತ್ತು ಮಗಳನ್ನು ಕೂಡಿಸಿಕೊಂಡು ಮಾತಾಡಿ. ಮೂರು ವರ್ಷ ಓದುವವಳು ಅವಳು.

ಒಂದು ಕೆಲಸ ಮಾಡೋಣ. ಪ್ರತಿ ಸಂಘದಲ್ಲಿ ಪಿಯುಸಿ ಸೈನ್ಸ್ ಓದುವ ಹುಡುಗಿಯರ ಹೆಸರು ಬರೆದುಕೊಳ್ಳಿ. ನಾಲ್ಕೈದು ತಾಯಂದಿರು ಮಕ್ಕಳನ್ನು ಕರೆದುಕೊಂಡು ಒಂದು ದಿನ ಕಡಗಂಚಿ, ಇನ್ನೊಂದು ದಿನ ಕಲಬುರಗಿಯ ಕಾಲೇಜುಗಳಿಗೆ ಹೋಗಿ ಬನ್ನಿ. ಒಬ್ಬರೇ ಹೋದರೆ ಕೇಳಲು ಹಿಂಜರಿಕೆ, ಐದು ಮಂದಿ ಹೋದರೆ ಕೂಡಿಸಿ ಉತ್ತರ ಕೊಡುತ್ತಾರೆ. ಕೇಳಿದ್ದನ್ನು ಹಾಳೆಯ ಮೇಲೆ ಬರೆದು ಮುಂದಿನ ಸಭೆಗೆ ತನ್ನಿ. ಎಲ್ಲರೂ ಕೂಡಿ ಲೆಕ್ಕ ಹಾಕೋಣ, ಆಮೇಲೆ ಸಾಲದ ಮಾತು ಆಡೋಣ.