ನಮ್ಮೂರ ನೀರಿನ ದಾಖಲೆ ಎಲ್ಲಿದೆ?

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಕಳೆದ ಮಳೆಗಾಲಕ್ಕೆ ಮೊದಲು ನಮ್ಮ ಪಂಚಾಯಿತಿಯ ಸದಸ್ಯೆಯೊಬ್ಬರು ಕಚೇರಿಗೆ ಬಂದು, ಅಡಿಕೆ ತೋಟದ ಕೆಳಗಿನ ಬಾವಿಯ ನೀರನ್ನು ಕುಡಿಯಬಹುದೇ ಎಂದು ಕೇಳಿದರು. ನಾನು ಪರೀಕ್ಷಾ ಕಿಟ್‌ನ ವರದಿ ತೋರಿಸಿ, ‘ಎಲ್ಲವೂ ಮಿತಿಯೊಳಗಿದೆ ಮೇಡಂ’ ಎಂದೆ. ಅವರು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ‘ತೋಟಕ್ಕೆ ಹೊಡೆಯುವ ಮದ್ದಿನ ಕಾಲಂ ಇದರಲ್ಲಿ ಎಲ್ಲಿದೆ ಸಾರ್?’ ಎಂದರು. ಅಂತಹ ಕಾಲಂ ಇರಲಿಲ್ಲ. ಎಂಜಿನಿಯರಿಂಗ್ ಓದಿದ ನಾನು ಅದನ್ನು ಗಮನಿಸಿರಲೂ ಇಲ್ಲ.

ಆ ಕಿಟ್ ಕ್ಷಾರತೆ, ಗಡಸುತನ, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮುಂತಾದವನ್ನು ಅಳೆಯುತ್ತದೆ. ಕೀಟನಾಶಕದ ಶೇಷವನ್ನು ಅಳೆಯುವುದಿಲ್ಲ. ಪರೀಕ್ಷಿಸದಿರುವುದು ಬೇರೆ, ಇಲ್ಲದಿರುವುದು ಬೇರೆ. ಈ ವ್ಯತ್ಯಾಸವನ್ನು ಮರೆತರೆ ಆಗುವ ನಷ್ಟವೇನೆಂಬುದನ್ನು ಎರಡು ಊರುಗಳು ನಮಗೆ ಕಲಿಸಿವೆ.

ಮೊದಲನೆಯದು ನಮ್ಮದೇ ಸಾಗರ ತಾಲ್ಲೂಕಿನ ಹಂದಿಗೋಡು. 1974-75ರ ಸುಮಾರಿಗೆ ಅಲ್ಲಿ ಸೊಂಟ ಮತ್ತು ಮೊಣಕಾಲಿನ ಕೀಲುಗಳನ್ನು ಹಿಂಡುವ ಕಾಯಿಲೆ ಬೆಳಕಿಗೆ ಬಂದಿತು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಗಳನ್ನು ತಿಂದದ್ದೇ ಕಾರಣವೆಂಬ ಶಂಕೆ ಆರಂಭದಲ್ಲಿ ಪ್ರಬಲವಾಗಿತ್ತು. ಅದು ಕುಟುಂಬಗಳಲ್ಲಿ ಅನುವಂಶೀಯವಾಗಿ ಬರುವ ಮೂಳೆ ಮತ್ತು ಕೀಲಿನ ದೋಷವೆಂದು ನಂತರದ ವೈದ್ಯಕೀಯ ಅಧ್ಯಯನಗಳು ತೋರಿಸಿದವು.

ಎರಡನೆಯದು ಕಾಸರಗೋಡಿನ ಪಡ್ರೆ ಮತ್ತು ಸುತ್ತಲಿನ ಹಳ್ಳಿಗಳು. ಅಲ್ಲಿ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡದಲ್ಲಿಯೂ ಅದೇ ಸಂಕಟ. ಅಲ್ಲಿ ಜನರ ಶಂಕೆಗೆ ಬಹುಕಾಲ ಮನ್ನಣೆ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದನ್ನು ತಡೆದದ್ದು 2011ರ ಮೇ 13ರಂದು.

ಒಂದೆಡೆ ವಿಷವೆಂಬ ಶಂಕೆ ನಿಲ್ಲಲಿಲ್ಲ. ಇನ್ನೊಂದೆಡೆ ವಿಷವಲ್ಲವೆಂಬ ಭರವಸೆ ನಿಲ್ಲಲಿಲ್ಲ. ಎಲ್ಲಿ, ಯಾವಾಗ, ಏನನ್ನು, ಎಷ್ಟು ಬಳಸಲಾಯಿತೆಂಬ ಬರಹ ಊರಿನ ಕೈಯಲ್ಲಿದ್ದರೆ ಶಂಕೆಯನ್ನಾಗಲಿ ಭರವಸೆಯನ್ನಾಗಲಿ ಬೇಗನೆ ಒರೆಗೆ ಹಚ್ಚಬಹುದು. ಆದ್ದರಿಂದ ದಾಖಲೆಯನ್ನು ಹುಡುಕುವುದು ಯಾರ ಮೇಲಿನ ದೂರೂ ಅಲ್ಲ, ಅದು ನಮ್ಮ ಕರ್ತವ್ಯ.

ಹುಡುಕುವುದೆಲ್ಲಿ? ಮೊದಲನೆಯದಾಗಿ, ಕುಡಿಯುವ ನೀರಿನ ಪರೀಕ್ಷಾ ಫಲಿತಾಂಶಗಳು ಜಲ ಜೀವನ್ ಮಿಷನ್‌ನ ಜಾಲತಾಣದಲ್ಲಿ ಗ್ರಾಮವಾರು ದೊರೆಯುತ್ತವೆ. ಅಂಕಿಗಳಿಗಿಂತ ಮೊದಲು, ಯಾವ ಮೂಲದ ನೀರು, ಯಾವ ದಿನದ ಮಾದರಿ, ಏನೇನು ಅಳೆದಿದ್ದಾರೆ ಎಂಬ ಮೂರನ್ನು ಓದಿರಿ. ನಮ್ಮ ಅನೇಕ ಮನೆಗಳು ಗುಡ್ಡದ ಅಬ್ಬಿ ನೀರನ್ನೇ ಕುಡಿಯುತ್ತವೆ. ಅದು ಪಟ್ಟಿಯಲ್ಲಿದೆಯೇ ನೋಡಿರಿ.

ಎರಡನೆಯದಾಗಿ, ಕಾರ್ಖಾನೆ ಅಥವಾ ಗಿರಣಿಯ ಕೊಳಚೆ ಹಳ್ಳಕ್ಕೆ ಸೇರುತ್ತಿದ್ದರೆ, ಅದಕ್ಕೆ ವಿಧಿಸಿದ ಷರತ್ತುಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ವಹಿಯಲ್ಲಿರಬೇಕು. 1974ರ ಜಲ ಕಾಯ್ದೆಯ ಪ್ರಕರಣ 25(6)ರಂತೆ ಬಾಧಿತರು ಆ ವಹಿಯನ್ನು ಪರಿಶೀಲಿಸಬಹುದು. ಮಂಡಳಿಯ ಪ್ರಾದೇಶಿಕ ಕಚೇರಿ ಶಿವಮೊಗ್ಗದಲ್ಲಿಯೇ ಇದೆ.

ಮೂರನೆಯದಾಗಿ, ಕೀಟನಾಶಕ ಮಾರಾಟದ ಪರವಾನಗಿಗಳ ಮಾಹಿತಿ ಕೃಷಿ ಇಲಾಖೆಯಲ್ಲಿದೆ. ಡಬ್ಬಿಯ ಚೀಟಿಯೂ ಒಂದು ಸಾರ್ವಜನಿಕ ದಾಖಲೆಯೇ. ಅದರ ಮೇಲಿನ ತ್ರಿಕೋನದ ಬಣ್ಣ ಕೆಂಪಾದರೆ ಅತ್ಯಂತ ವಿಷಕಾರಿ. ನಂತರದ ಸ್ಥಾನ ಹಳದಿ, ನೀಲಿ, ಹಸಿರಿನದು.

ಕೇಳಿದರೂ ದೊರೆಯದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಸದಸ್ಯರು ನಾಗರಿಕರಾಗಿ ತಮ್ಮ ಹೆಸರಿನಲ್ಲಿ ಅರ್ಜಿ ಸಲ್ಲಿಸಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಉತ್ತರಕ್ಕೆ 30 ದಿನ. ಜೀವಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ‘ನೀರು ಶುದ್ಧವಾಗಿದೆಯೇ?’ ಎಂದು ಕೇಳಬೇಡಿ. ‘ಇಂತಹ ಬಾವಿಯ ಕಳೆದ ಮೂರು ವರ್ಷಗಳ ಪರೀಕ್ಷಾ ವರದಿಗಳ ನಕಲು ಕೊಡಿ’ ಎಂದು ಕೇಳಿರಿ. ಅಭಿಪ್ರಾಯ ಕೇಳಿದರೆ ಸಮಾಧಾನದ ಮಾತು ಬರುತ್ತದೆ, ದಾಖಲೆ ಕೇಳಿದರೆ ಕಾಗದ ಬರುತ್ತದೆ. ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ನನ್ನಂಥವನೇ. ಆ ಪ್ರಶ್ನೆ ನನಗೂ ಅನ್ವಯಿಸುತ್ತದೆ.

ಅಂದು ಆ ಸದಸ್ಯೆಗೆ ಉತ್ತರ ಕೊಡಲಾಗದೆ, ನಾವಿಬ್ಬರೂ ಕುಳಿತು ಒಂದು ವಹಿ ತೆರೆದೆವು. ಬಾವಿ, ಅಬ್ಬಿ, ಕೊಳವೆಬಾವಿಗಳ ಪಟ್ಟಿ, ಅವುಗಳ ಮೇಲ್ಭಾಗದಲ್ಲಿ ಯಾವ ತಿಂಗಳು ಯಾವ ಸಿಂಪಡಣೆ, ಕ್ಯಾನು ತೊಳೆಯುವ ಜಾಗ, ಪರೀಕ್ಷೆಯ ದಿನಾಂಕ, ಇನ್ನೂ ಪರೀಕ್ಷಿಸದಿರುವುದೇನು. ಆ ಕೊನೆಯ ಕಾಲಂ ಬಹುತೇಕ ತುಂಬಿದೆ. ಆ ಬಾವಿಯ ನೀರಿನ ಕೀಟನಾಶಕ ಪರೀಕ್ಷೆಗೆ ಇಲಾಖೆಗೆ ಪತ್ರ ಬರೆದಿದ್ದೇವೆ. ಉತ್ತರ ಬಂದ ದಿನ ಅದನ್ನು ಗ್ರಾಮ ಸಭೆಯಲ್ಲಿ ಓದುತ್ತೇವೆ.

ತಾವೂ ಮುಂದಿನ ಗ್ರಾಮ ಸಭೆಗೆ ಮೊದಲು ಅಂತಹ ಒಂದು ವಹಿಯನ್ನು ತೆರೆಯಬೇಕೆಂದು ವಿನಂತಿಸಿ, ನನ್ನ ಮಾತು ಮುಗಿಸುತ್ತೇನೆ.