ಹಳ್ಳಿಗೆ ತಂತಿ ಎಳೆದವರು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರು ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದ ಮೇಲೆ ಸನ್ಮಾನ ಇರಲೇಬೇಕು. ಸಂಘ ಕಟ್ಟಿದ ಹಿರಿಯರಿಗೆ, ಹೆಚ್ಚು ಹಾಲು ಹಾಕಿದ ಸದಸ್ಯರಿಗೆ ಸನ್ಮಾನ ಮಾಡುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಟೆಲಿಫೋನ್ ಲೈನ್‌ಮನ್ ಆಗಿದ್ದು ನಿವೃತ್ತರಾದ ನಮ್ಮೂರಿನ ಹಿರಿಯರಿಗೂ, ಬಸ್ ನಿಲ್ದಾಣದ ಪಕ್ಕ ಎಸ್‌ಟಿಡಿ ಬೂತ್ ನಡೆಸುತ್ತಿದ್ದ ತಾಯಿಗೂ ಶಾಲು ಹೊದಿಸಬೇಕು ಅಂತ ಆಡಳಿತ ಮಂಡಳಿಯಲ್ಲಿ ಮಾತು ಬಂದಾಗ, "ಡೇರಿಗೂ ಟೆಲಿಫೋನಿಗೂ ಏನಪ್ಪಾ ಸಂಬಂಧ?" ಅಂತ ಒಂದಿಬ್ಬರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ. ಆ ಸಂಬಂಧ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ. ನಾವು ಎಸ್‌ಎಸ್‌ಎಲ್‌ಸಿ ಓದಿ ಹೊಲಕ್ಕೆ ಇಳಿದವರು. ಇಂಜಿನಿಯರಿಂಗ್ ಓದಿರುವ ನಮ್ಮೂರಿನ ಹುಡುಗರನ್ನು ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ.

ಮೊದಲು ಹಳೇ ಕಾಲ ನೆನಪು ಮಾಡಿಕೊಳ್ಳಿ. ಸಾವಿನ ಸುದ್ದಿ ಬರಬೇಕಾದರೆ ಟೆಲಿಗ್ರಾಂ. ಅಂಚೆಯವನು ಸಂಜೆ ಹೊತ್ತು ಸೈಕಲ್ ತುಳಿದುಕೊಂಡು ಬಂದ ಅಂದರೆ ಹೆಂಗಸರು ಒಳಗಡೆಯಿಂದಲೇ ಅಳೋಕೆ ಶುರು ಮಾಡೋರು. ಆ ಟೆಲಿಗ್ರಾಂ 2013ರ ಜುಲೈಯಲ್ಲಿ ನಿಂತೇ ಹೋಯಿತು. ಫೋನ್ ಮಾಡಬೇಕಾದರೆ ಪೇಟೆಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. 1980ರ ದಶಕದ ಶುರುವಿನಲ್ಲಿ ಸುಮಾರು 70 ಕೋಟಿ ಜನರ ಈ ದೇಶದಲ್ಲಿ ಫೋನುಗಳು ಇದ್ದದ್ದು 20-25 ಲಕ್ಷ ಮಾತ್ರ. ಅದರಲ್ಲೂ ಬಹುಪಾಲು ಪಟ್ಟಣದ ಪಾಲು. ಹಳ್ಳಿಯಲ್ಲಿ ರಾತ್ರಿ ಹೊತ್ತು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡರೆ ಡಾಕ್ಟರಿಗೆ ಹೇಳಿ ಕಳಿಸೋಕೆ ಒಬ್ಬ ಆಳು ಓಡಬೇಕಿತ್ತು. ಆಳು ಹೋಗಿ ಡಾಕ್ಟರು ಬರೋ ಹೊತ್ತಿಗೆ ಹಸುವೂ ಇಲ್ಲ, ಕರುವೂ ಇಲ್ಲ. ಡೇರಿಗೂ ಟೆಲಿಫೋನಿಗೂ ಸಂಬಂಧ ಅಲ್ಲಿಂದಲೇ ಶುರು.

ಹಳ್ಳಿಗೆ ಫೋನ್ ಬರದೇ ಇದ್ದದ್ದಕ್ಕೆ ಬರೀ ಬಡತನ ಕಾರಣ ಅಂತ ತಿಳಿಯಬೇಡಿ. ಯಂತ್ರವೇ ಹಳ್ಳಿಗೆ ಹೊಂದುತ್ತಿರಲಿಲ್ಲ. ಹೊರದೇಶದಿಂದ ಬರುತ್ತಿದ್ದ ಹೊಸ ಎಕ್ಸ್‌ಚೇಂಜುಗಳು ದೊಡ್ಡ ಪಟ್ಟಣದ ಸಾವಿರಾರು ಲೈನಿಗೆ ಮಾಡಿದವು. ಅದಕ್ಕೆ ಧೂಳು ಆಗದು, ಸೆಕೆ ಆಗದು, ಏರ್ ಕಂಡೀಷನ್ ಬೇಕು, ಇಪ್ಪತ್ತನಾಲ್ಕು ಗಂಟೆ ಕರೆಂಟ್ ಬೇಕು. ನಮ್ಮ ಹೋಬಳಿಗೆ ಬೇಕಾದದ್ದು ನೂರು ಲೈನು. ನಮ್ಮಲ್ಲಿರೋದು ಧೂಳು, ಇಲ್ಲದೇ ಇರೋದು ಕರೆಂಟು!

ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಸ್ಯಾಮ್ ಪಿಟ್ರೋಡಾ. 1942ರಲ್ಲಿ ಒರಿಸ್ಸಾದ ಟಿಟ್ಲಾಗಢದಲ್ಲಿ ಹುಟ್ಟಿದವರು, ಬಡಗಿ ಕುಲಕಸುಬಿನ ಮನೆತನ. ಅಮೆರಿಕಕ್ಕೆ ಓದೋಕೆ ಹೋಗುವ ತನಕ ಫೋನನ್ನೇ ಬಳಸಿರಲಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಅಲ್ಲಿ ಟೆಲಿಫೋನ್ ಯಂತ್ರಗಳಲ್ಲೇ ಹೆಸರು, ಹಣ ಎರಡೂ ಸಂಪಾದಿಸಿ, ವಾಪಸ್ ಬಂದು ಸರ್ಕಾರಕ್ಕೆ ಒಂದು ಮಾತು ಕೊಟ್ಟರು: 36 ತಿಂಗಳು, 36 ಕೋಟಿ ರೂಪಾಯಿ ಕೊಡಿ, ನಮ್ಮದೇ ಎಕ್ಸ್‌ಚೇಂಜ್ ಮಾಡಿ ತೋರಿಸುತ್ತೇವೆ. ಇಂದಿರಾ ಗಾಂಧಿಯವರ ಕಾಲದಲ್ಲೇ ಒಪ್ಪಿಗೆ ಸಿಕ್ಕಿ 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಸಂಸ್ಥೆ ಶುರುವಾಯಿತು. ದೆಹಲಿಯಲ್ಲೂ ನಮ್ಮ ಬೆಂಗಳೂರಿನಲ್ಲೂ ಕೆಲಸ. ಪಿಟ್ರೋಡಾ ಅವರ ಹೆಸರು ಎಲ್ಲರಿಗೂ ಗೊತ್ತು, 2009ರಲ್ಲಿ ಪದ್ಮಭೂಷಣವೂ ಬಂತು. ಅವರ ಜೊತೆ ಹೆಗಲು ಕೊಟ್ಟ ಜಿ.ಬಿ. ಮೀಮಾಂಸಿ, ಡಿ.ಆರ್. ಮಹಾಜನ್, ಎಂ.ವಿ. ಪಿಟ್ಕೆ ಇವರ ಹೆಸರು ಎಷ್ಟು ಜನರಿಗೆ ಗೊತ್ತು? ಆಗ ತಾನೇ ಕಾಲೇಜು ಮುಗಿಸಿ ಬಂದ ನೂರಾರು ಹುಡುಗ ಹುಡುಗಿಯರ ಹೆಸರಂತೂ ಯಾವ ಕಲ್ಲಿನ ಮೇಲೂ ಇಲ್ಲ. ಡೇರಿ ಅಂದರೆ ಕುರಿಯನ್ ಅವರ ಹೆಸರು ಹೇಳುತ್ತೇವೆ, ಹಾಲು ಕರೆದವರ ಹೆಸರು ಹೇಳೋದಿಲ್ಲ. ಇದೂ ಹಾಗೆಯೇ.

ಅವರು ಮೊದಲು ಮಾಡಿದ್ದು ದೊಡ್ಡ ಪಟ್ಟಣದ ಯಂತ್ರ ಅಲ್ಲ, ಹಳ್ಳಿಯ ಯಂತ್ರ. ರಾಕ್ಸ್ ಅಂತ ಕರೆಯುತ್ತಿದ್ದ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್. 128 ಪೋರ್ಟಿನ ಒಂದು ಪೆಟ್ಟಿಗೆ, ನಮ್ಮ ಮನೆ ಬೀರು ಇದ್ದ ಹಾಗೆ. ಏರ್ ಕಂಡೀಷನ್ ಬೇಡ. ಕರೆಂಟ್ ಕಡಿಮೆ ತಿನ್ನುವ ಬಿಡಿಭಾಗ ಹಾಕಿ, ಬಿಸಿ ತಾನಾಗಿಯೇ ಮೇಲಕ್ಕೆ ಹೋಗುವ ಹಾಗೆ ಕೂರಿಸಿದ್ದರು. ಸಾಧಾರಣ ಒಂದು ಕೋಣೆ, ಬ್ಯಾಟರಿ ಇದ್ದರೆ ಸಾಕು. ಇದನ್ನು ದೇಶದಲ್ಲೇ ಮೊಟ್ಟಮೊದಲು ಕೂರಿಸಿದ್ದು ಎಲ್ಲಿ ಗೊತ್ತೇ? ನಮ್ಮ ಕರ್ನಾಟಕದಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, 1986ರ ಜುಲೈಯಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಶಾಲೆಯಲ್ಲಿ ಮಕ್ಕಳಿಗೆ ಕಿತ್ತೂರಿನ ಕೋಟೆ ಬಗ್ಗೆ ಹೇಳಿಕೊಡ್ತಾರೆ, ಈ ಪೆಟ್ಟಿಗೆ ಬಗ್ಗೆ ಯಾರೂ ಹೇಳಲ್ಲ.

ಅಲ್ಲಿ ಗೆದ್ದ ಮೇಲೆ ಹಲವು ಕಾರ್ಖಾನೆಗಳಿಗೆ ಅದನ್ನು ಮಾಡುವ ವಿದ್ಯೆ ಹಂಚಿದರು. ಮುಂದೆ ದಿನಕ್ಕೊಂದು ಹಳ್ಳಿ ಎಕ್ಸ್‌ಚೇಂಜ್ ಅಂತ ಗುರಿ ಇಟ್ಟುಕೊಂಡು ಓಡಿದರು. ಪಿಟ್ರೋಡಾ 1993ರಲ್ಲಿ ಬರೆದ ಒಂದು ಲೇಖನದಲ್ಲಿ 5000 ಜನರ ಒಂದು ಸಣ್ಣ ಊರಿನ ಕಥೆ ಬರುತ್ತದೆ. ಅಲ್ಲಿ ಎಕ್ಸ್‌ಚೇಂಜ್ ಬಂದ ಆರೇ ತಿಂಗಳಲ್ಲಿ ಬ್ಯಾಂಕಿನ ಠೇವಣಿ ಶೇಕಡಾ 80ರಷ್ಟು ಏರಿತಂತೆ. ಇನ್ನೊಂದು ವಿಚಾರ ಅವರದು: ಮನೆಗೊಂದು ಫೋನ್ ಆಗುವ ತನಕ ಕಾಯಬೇಡಿ, ಊರಿಗೊಂದು ಎಲ್ಲರಿಗೂ ಸಿಗುವ ಫೋನ್ ಮೊದಲು ಇರಲಿ. ನಮಗೆ ಇದು ಸಹಕಾರದ ಮಾತೇ ಅನ್ನಿಸುತ್ತದೆ. ಊರಿಗೊಂದು ಡೇರಿ ಅಂದ ಹಾಗೆ.

ಹಳದಿ ಬಣ್ಣದ ಎಸ್‌ಟಿಡಿ ಬೂತುಗಳು ಬಂದದ್ದು ಈ ವಿಚಾರದಿಂದಲೇ. ರಾತ್ರಿ ಕಾಲು ದರ ಶುರುವಾಗುವ ಹೊತ್ತಿಗೆ ಸಾಲು ನಿಲ್ಲುತ್ತಿದ್ದದ್ದು ನಿಮಗೆ ನೆನಪಿರಬೇಕು. ಕೆಂಪು ಅಂಕಿ ಓಡುವುದನ್ನು ನೋಡಿಕೊಂಡೇ ಮಾತಾಡೋದು, ಅರ್ಧ ಮಾತು ಬಾಯಲ್ಲೇ ನುಂಗೋದು. ಅಂಗವಿಕಲರಿಗೆ ಬೂತ್ ಕೊಡುವಾಗ ಆದ್ಯತೆ ಇತ್ತು, ಎಷ್ಟೋ ಸಂಸಾರ ಅದರಿಂದ ನಿಂತವು. ನಮ್ಮೂರಿನ ಬೂತಿನ ತಾಯಿ ಬೇರೆಯವರಿಗೆ ಬಂದ ಫೋನಿಗೂ ಮಗನನ್ನು ಓಡಿಸಿ ಕರೆಸುತ್ತಿದ್ದರು. ಪಶು ಆಸ್ಪತ್ರೆಗೆ ಮಾಡಿದ ಫೋನಿಗೆ ಕಾಸು ತೆಗೆದುಕೊಂಡವರಲ್ಲ. ಲೈನ್‌ಮನ್ ಸಾಹೇಬರು ಮಳೆಗಾಲದಲ್ಲಿ ಹೆಗಲಿಗೆ ತಂತಿ ಸುರುಳಿ ಹಾಕಿಕೊಂಡು ಕೆರೆ ಏರಿ ಮೇಲೆ ಕಂಬದಿಂದ ಕಂಬಕ್ಕೆ ನಡೆದವರು. ಅವರಿಗೆ ಪದ್ಮಶ್ರೀ ಬರಲ್ಲ. ನಮ್ಮ ಶಾಲು ಬರುತ್ತದೆ.

ಪದ್ಮಶ್ರೀ ಅಂದಾಗ ಇನ್ನೊಬ್ಬರ ಹೆಸರು ಹೇಳಬೇಕು. ಮದ್ರಾಸ್ ಐಐಟಿಯ ಅಶೋಕ್ ಝುನ್‌ಝುನ್‌ವಾಲಾ. ಕಂಬ, ತಂತಿಯ ಖರ್ಚೇ ಹೆಚ್ಚು ಅಂತ ಗೋಡೆಯ ಮೇಲೆ ಸಣ್ಣ ಆಂಟೆನಾ ಇಟ್ಟು ಫೋನೂ ಇಂಟರ್‌ನೆಟ್ಟೂ ಎರಡೂ ಕೊಡುವ ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು 1990ರ ದಶಕದಲ್ಲೇ ಮಾಡಿದವರು. 2002ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಮೊಬೈಲ್ ಬಂದು ಆ ಕೆಲಸ ಹಿಂದೆ ಬಿತ್ತು, ಆದರೆ ಹಳ್ಳಿಗೆ ಇಂಟರ್‌ನೆಟ್ ಯಾಕೆ ಬೇಕು ಅಂತ ಜನ ನಗುತ್ತಿದ್ದ ಕಾಲದಲ್ಲಿ ಬೇಕು ಅಂದವರು ಅವರು.

ಅಮೆರಿಕದ್ದೂ ಒಂದು ಮಾತು, ಯಾಕೆಂದರೆ ಅಲ್ಲಿ ಹಳ್ಳಿ ಫೋನ್ ಸಹಕಾರ ಸಂಘದ ಕೆಲಸ. ನೂರು ವರ್ಷದ ಹಿಂದೆ ಅಲ್ಲಿನ ಕಂಪನಿಗಳಿಗೆ ದೂರ ದೂರದ ಹೊಲದ ಮನೆಗಳು ಬೇಕಿರಲಿಲ್ಲ. ರೈತರು ಕೂಡಿ ತಾವೇ ತಂತಿ ಎಳೆದುಕೊಂಡರು, ಕೆಲವು ಕಡೆ ಬೇಲಿಯ ಮುಳ್ಳುತಂತಿಯನ್ನೇ ಟೆಲಿಫೋನ್ ತಂತಿ ಮಾಡಿಕೊಂಡರು! ಆದರೆ ಹಣ ಇಲ್ಲದೆ, ದುರಸ್ತಿ ಇಲ್ಲದೆ ಲೈನುಗಳು ಹಾಳಾದವು. 1920ರಲ್ಲಿ ನೂರಕ್ಕೆ ಸುಮಾರು 39 ರೈತರ ಮನೆಯಲ್ಲಿ ಫೋನ್ ಇತ್ತು, 1940ರ ಹೊತ್ತಿಗೆ 25ಕ್ಕೆ ಇಳಿದಿತ್ತು. ಬಂದ ಫೋನ್ ವಾಪಸ್ ಹೋಯಿತು ಅಂದರೆ ನೋಡಿ. 1949ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುತ್ ಕಾಯ್ದೆಗೆ ತಿದ್ದುಪಡಿ ತಂದು ಟೆಲಿಫೋನಿಗೂ ಕಡಿಮೆ ಬಡ್ಡಿ ಸಾಲ ಕೊಟ್ಟ ಮೇಲೆ ಸಹಕಾರ ಸಂಘಗಳು ಎದ್ದು ನಿಂತವು. 1954ರಲ್ಲಿ ಎನ್‌ಟಿಸಿಎ ಅನ್ನುವ ಒಕ್ಕೂಟ ಕಟ್ಟಿಕೊಂಡರು. ಇವತ್ತು ಅದೇ ಸಂಘಗಳು ಹೊಲದ ಮನೆಗೆ ಫೈಬರ್ ಎಳೆಯುತ್ತಿವೆ, ಆ ಕೆಲಸದಲ್ಲಿ ದುಡಿದವರನ್ನು ಕರೆದು ಗೌರವಿಸುತ್ತವೆ. ನಾವು ಮಾಡುತ್ತಿರುವ ಸನ್ಮಾನ ಹೊಸದೇನಲ್ಲ.

ಈಗ ನಮ್ಮ ಕಷ್ಟಕ್ಕೆ ಬರೋಣ.

ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೂ ಗಾಜಿನ ತಂತಿ ಎಳೆಯುವ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಎರಡು ಲಕ್ಷಕ್ಕೂ ಮೇಲೆ ಪಂಚಾಯಿತಿ "ಸೇವೆಗೆ ಸಿದ್ಧ" ಅಂತ ಲೆಕ್ಕ ಹೇಳುತ್ತದೆ. ಸಿದ್ಧ ಅಂದರೆ ಅಡಿಗೆ ಆಗಿದೆ ಅಂತ, ಎಲೆಗೆ ಬಡಿಸಿದ್ದಾರೆ ಅಂತಲ್ಲ. ಈ ತಂತಿಗಳನ್ನು ಮೊದಲು ಎಳೆದದ್ದು ಒಂದೇ ಸಾಲಿನಲ್ಲಿ, ಕಾಲುವೆ ಇದ್ದ ಹಾಗೆ. ಮೇಲುಗಡೆ ಒಂದು ಕಡೆ ಒಡೆದರೆ ಕೆಳಗಿನವರಿಗೆಲ್ಲಾ ನೀರಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಸಲ ಕೈ ಹಾಕಿತು ಅಂದರೆ ಹತ್ತೂರು ಕತ್ತಲೆ. 2023ರ ಆಗಸ್ಟಿನಲ್ಲಿ ಸುಮಾರು 1,39,579 ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟು, ತಂತಿಯನ್ನು ಬಳೆಯ ಹಾಗೆ ಸುತ್ತು ಹಾಕಿಸಬೇಕು ಅಂತ ಮಾಡಿದ್ದಾರೆ. ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯಿಂದ ಬರುತ್ತದೆ. ಒಳ್ಳೆಯ ವಿಚಾರ. ಈ ಹಣ ದಾನವೂ ಅಲ್ಲ. ಟೆಲಿಫೋನ್ ಕಂಪನಿಗಳ ವರಮಾನದಲ್ಲಿ ಶೇಕಡಾ 5ರಷ್ಟು ಹಳ್ಳಿಗಳಿಗೆಂದೇ ತೆಗೆದಿಡುವ ನಿಧಿ ಇದೆ. ನಾವು ನೀವು ಹಾಕಿಸುವ ರೀಚಾರ್ಜಿನ ಹಣದ್ದೇ ಅದರಲ್ಲಿ ಪಾಲು.

ನಮ್ಮೂರಿಗೆ ಬಂದಿರುವ ತಂತಿ ಯಾರದ್ದು ಅಂತ ಇಲ್ಲಿ ಹೆಸರು ಹೇಳಿ ಫಲವಿಲ್ಲ. ಪೆಟ್ಟಿಗೆಯ ದೀಪ ಒಂದು ವಾರ ಉರಿದರೆ ಮೂರು ವಾರ ಆರಿರುತ್ತದೆ. ದೂರು ಕೊಟ್ಟರೆ ನಂಬರ್ ಕೊಡುತ್ತಾರೆ, ಮನುಷ್ಯ ಬರಲ್ಲ. ಅಷ್ಟರಲ್ಲಿ ಡೇರಿ ಕಂಪ್ಯೂಟರ್ ಬೆಳಗ್ಗೆಯ ಫ್ಯಾಟು, ಲೀಟರಿನ ಲೆಕ್ಕ ಮೇಲಕ್ಕೆ ಕಳಿಸದೆ ಕೂತಿರುತ್ತದೆ. ಕಾರ್ಯದರ್ಶಿಗಳು ಮೊಬೈಲ್ ಹಿಡಿದು ನೀರಿನ ಟ್ಯಾಂಕ್ ಹತ್ತುತ್ತಾರೆ. ಬಟವಾಡೆ ತಡ ಆದರೆ ಸಿಟ್ಟು ಕಾರ್ಯದರ್ಶಿಯ ಮೇಲೆ. ಸರ್ಕಾರದ ಪ್ರೋತ್ಸಾಹಧನವೂ ಖಾತೆಗೇ ಬರುವುದು, ಅದರ ಪಟ್ಟಿಯೂ ಇದೇ ತಂತಿಯಲ್ಲಿ ಹೋಗಬೇಕು. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಅದೇ ಟ್ಯಾಂಕಿನ ಕೆಳಗೆ ಕೂತು ಪಾಠ ಕೇಳಿದರು. ಕೆಲವರು ಕೇಳಲೇ ಇಲ್ಲ, ಅವರಲ್ಲಿ ಇಬ್ಬರು ಮತ್ತೆ ಶಾಲೆಗೆ ಹೋಗಲಿಲ್ಲ. ಅವರ ತಂದೆ ತಾಯಿ ಈ ಸಭೆಯಲ್ಲೇ ಇದ್ದಾರೆ.

ಆದ್ದರಿಂದ ಆಡಳಿತ ಮಂಡಳಿಯ ಪರವಾಗಿ ನಮ್ಮ ಸೂಚನೆ ಇಷ್ಟು. ಡೇರಿ ಪಕ್ಕದ ಹಳೇ ಗೋದಾಮಿನ ಕೋಣೆ ಖಾಲಿ ಇದೆ. ಅದಕ್ಕೆ ಬ್ಯಾಟರಿ, ಬೀಗ ಸಂಘ ಕೊಡಲಿ. ಪಂಚಾಯಿತಿ ಪೆಟ್ಟಿಗೆಯಿಂದ ಅಲ್ಲಿಗೆ ಪ್ರತ್ಯೇಕ ಸಂಪರ್ಕಕ್ಕೆ ಅರ್ಜಿ ಹಾಕೋಣ. ಅದು ಸತ್ತ ದಿನಕ್ಕೆ ಬೇರೆ ಕಂಪನಿಯದ್ದು ಒಂದು ಇರಲಿ. ಊರಿನ ಒಬ್ಬ ಹುಡುಗನೋ ಹುಡುಗಿಯೋ ತಂತಿ ಜೋಡಿಸೋದು ಕಲಿತು ಬರಲಿ, ಕಲಿಯುವ ಖರ್ಚು ಸಂಘದ ಲಾಭದಲ್ಲಿ ಹೋಗಲಿ. ನಿವೃತ್ತ ಲೈನ್‌ಮನ್ ಸಾಹೇಬರು ಜೊತೆಗೆ ಇದ್ದು ಹೇಳಿಕೊಡುತ್ತೇವೆ ಅಂದಿದ್ದಾರೆ. ತಂತಿ ಎಲ್ಲೆಲ್ಲಿ ಹೂತಿದೆ ಅನ್ನೋದು ಕಚೇರಿಯ ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಂಜೆ ಹೊತ್ತು ಆ ಕೋಣೆ ಮಕ್ಕಳಿಗೆ ತೆರೆದಿರಲಿ.

ಇದಕ್ಕೆ ಲಾಭಾಂಶದಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ, ಮುಚ್ಚಿಡೋದಿಲ್ಲ. ಬೇಡ ಅನ್ನುವವರು ಊಟದ ನಂತರದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಹೇಳಿ, ಬಾಗಿಲಾಚೆ ಹೇಳಬೇಡಿ. ಠರಾವು ಪಾಸಾದರೆ ಕಲಿಯಲು ಹೋಗುವವರು ಭಾನುವಾರದ ಒಳಗೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕು. ಹೆಣ್ಣುಮಕ್ಕಳು ಹಿಂದೆ ನಿಲ್ಲಬೇಡಿ, ಬೂತ್ ನಡೆಸಿದ್ದು ಹೆಣ್ಣುಮಗಳೇ.