ದೀಪದ ಮುಂದೆ ಒಂದು ಲೆಕ್ಕ

(ಭಜನಾ ಮಂದಿರದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)

ಬೀಜ, ಗೊಬ್ಬರ, ಕೂಲಿಗೆ ನಾವು ಲೆಕ್ಕ ಇಡುತ್ತೇವೆ. ಕುಡಿತಕ್ಕೆ ಮಾತ್ರ ಲೆಕ್ಕವಿಲ್ಲ. ನಾನೂ ‘ಅಪರೂಪಕ್ಕೊಮ್ಮೆ’ ಎಂದೇ ಹೇಳಿಕೊಳ್ಳುತ್ತಿದ್ದವನು. ಒಂದು ತಿಂಗಳು, ಕುಡಿದ ದಿನಕ್ಕೊಂದರಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿದೆ. ಕೊನೆಗೆ ಎಣಿಸಿದರೆ 11! ಊರಿಗೆ ಬುದ್ಧಿ ಹೇಳುವ ನಾನು ಮನೆದೇವರ ಮುಂದೆ ತಲೆಯೆತ್ತಲಾರದೆ ಕುಳಿತೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಗಿ ಕೈಗೆ ಬಾಟಲಿ ಬಂತು, ಚಟ ಉಳಿಯಿತು. ಕಾನೂನು ಅಂಗಡಿ ಮುಚ್ಚಿಸಬಹುದು. ಮನಸ್ಸನ್ನು ಶೋಧಿಸುವ ಕೆಲಸ ನಮ್ಮದೇ.

ತಾವೂ ಗೀಟು ಹಾಕಿ ನೋಡಿರಿ. ಸಂಜೆ, ತಾವು ನಂಬಿದ ದೇವರ ಮುಂದೆ ಮೂರು ಪ್ರಶ್ನೆ ಕೇಳಿಕೊಳ್ಳಿರಿ: ಇಂದು ಎಷ್ಟು ಕುಡಿದೆ? ಆ ಹಣ ಯಾರ ಪಾಲಿನದು? ಮನೆಯಲ್ಲಿ ಯಾರು ನನಗೆ ಹೆದರಿದರು? ದೇವರ ಮುಂದೆ ಸುಳ್ಳು ನಡೆಯದು.

ಒಂದು ಎಚ್ಚರಿಕೆ: ಬಹುಕಾಲದಿಂದ ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸು ಬರಬಹುದು, ಪ್ರಾಣಾಪಾಯವೂ ಉಂಟು. ಅಂಥವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಬೇಕು. ಹರಕೆಯೂ ಇರಲಿ, ಔಷಧವೂ ಇರಲಿ.

ಈ ತಿಂಗಳು ನನ್ನ ಹಾಳೆಯಲ್ಲಿ 2 ಗೀಟುಗಳಿವೆ. ಮುಂದಿನ ತಿಂಗಳು ಒಂದೂ ಇರದಿರಲೆಂದು ಬೇಡಿಕೊಂಡಿದ್ದೇನೆ. ತಾವೂ ಇಂದೇ ಆರಂಭಿಸಿರಿ.